ಬುದ್ಧಿವಾದ ಹುಡುಗಿಯರಿಗೆ ಮಾತ್ರ, ಹುಡುಗರಿಗೆ ಯಾರು ಹೇಳೋದು?

ಧಾರವಾಡದ ಅಮ್ಮ:
ಮಗ ಒಂಬತ್ತನೇ ಕ್ಲಾಸ್. ಅವನ ಮೊಬೈಲಲ್ಲಿ ಹುಡುಗರದೇ ಒಂದು ವಾಟ್ಸಾಪ್ ಗ್ರೂಪ್ ನೋಡಿದೆ. ಕ್ಲಾಸಿನ ಹುಡುಗಿಯರ ಫೋಟೋ ಹಾಕಿ ಹತ್ತಕ್ಕೆ ಇಷ್ಟು ಅಂತ ಮಾರ್ಕ್ಸ್, ಕೆಳಗೆ ಇಲ್ಲಿ ಬರೆಯೋಕಾಗದ ಮಾತು. ಶಾಲೆಗೆ ಹೇಳಿದರೆ ಅವರು ಹುಡುಗಿಯರನ್ನಷ್ಟೇ ಹಾಲ್‌ಗೆ ಕರೆದು, ದುಪಟ್ಟಾ ಸರಿಯಾಗಿ ಹಾಕ್ಕೊಳ್ಳಿ, ಸ್ಟೇಟಸ್‌ನಲ್ಲಿ ಫೋಟೋ ಇಡಬೇಡಿ ಅಂತ ಒಂದು ಗಂಟೆ ಹೇಳಿ ಕಳಿಸಿದರು. ಹುಡುಗರು ಅಷ್ಟೊತ್ತು ಗ್ರೌಂಡಲ್ಲಿ ಕ್ರಿಕೆಟ್ ಆಡುತ್ತಿದ್ದರು! ಮಗನ ಹತ್ತಿರ ಎಲ್ಲಿಂದ ಶುರು ಮಾಡಲಿ?

ಹಳೇ ಹುಬ್ಬಳ್ಳಿ:
ಅಕ್ಕಾರ, ಈ ವಯಸ್ಸಲ್ಲಿ ಇದ್ದದ್ದೇ. ಹೇಳಿಕೊಡೋಕೆ ಹೋದರೆ ಇನ್ನೂ ಜಾಸ್ತಿ ಕೆಡುತ್ತಾರೆ.

ಹಾವೇರಿ ಟೀಚರ್:
ಸರ್, ಇಂಥ ಮಾತಿಗೇ 2007ರಲ್ಲಿ ನಮ್ಮ ರಾಜ್ಯದ ಶಾಲೆಗಳಲ್ಲಿ ಲೈಂಗಿಕ ಶಿಕ್ಷಣ ನಿಂತಿದ್ದು. ಮಕ್ಕಳೇನು ಕಲಿಯದೇ ಬಿಟ್ಟರಾ? ಮೊಬೈಲಿಂದ ಕಲಿತರು. ಹೇಳಿಕೊಟ್ಟರೆ ಕೆಡೋದಿಲ್ಲ ಅಂತ ವಿಶ್ವಸಂಸ್ಥೆಯ ಯುನೆಸ್ಕೋ ಲೈಂಗಿಕ ಶಿಕ್ಷಣಕ್ಕೆ ಕೊಟ್ಟ 2018ರ ಮಾರ್ಗಸೂಚಿಯಲ್ಲೇ ಇದೆ.

ನಾನು ಹುಡುಗ ಹುಡುಗಿಯರನ್ನ ಒಟ್ಟಿಗೇ ಕೂರಿಸಿ, ಹೆಸರಿಲ್ಲದ ಚೀಟಿಯಲ್ಲಿ ಪ್ರಶ್ನೆ ಬರೆಸಿ ಡಬ್ಬಿಗೆ ಹಾಕಿಸುತ್ತೇನೆ. ಮುಟ್ಟು, ಮೊಡವೆ ಅಂತ ಬರಬಹುದು ಅಂದುಕೊಂಡಿದ್ದೆ. ಒಂದರಲ್ಲಿ "ಹುಡುಗಿ ಸುಮ್ನಿದ್ರ ಒಪ್ಪಿದಂಗ ಅಲ್ಲೇನ್ರಿ?" ಅಂತಿತ್ತು. ನಾನು ಉತ್ತರ ಹೇಳಲಿಲ್ಲ, ನೀವು ಯಾವಾಗ ಸುಮ್ನಿರುತ್ತೀರಿ ಅಂತ ಹುಡುಗಿಯರನ್ನೇ ಕೇಳಿದೆ. "ಹೆದರಿಕಿ ಆದಾಗ" ಅಂದಳು ಒಬ್ಬಳು. ಹಿಂದಿನ ಬೆಂಚಿನ ಕಿಸಿಕಿಸಿ ನಗು ಅಲ್ಲಿಗೇ ನಿಂತಿತು. ವಿಜ್ಞಾನದ ಪುಸ್ತಕದಲ್ಲಿ ಅಂಡಾಶಯದ ಚಿತ್ರ ಇದೆ, ಈ ಪ್ರಶ್ನೆ ಇಲ್ಲ.

ಗದಗಿನ ನರ್ಸ್:
ಟೀಚರ್ ಹೇಳಿದ್ದು ಸರಿ. ಜೊತೆಗೆ ಕಾನೂನೂ ಗೊತ್ತಿರಲಿ. ಮಕ್ಕಳನ್ನ ಲೈಂಗಿಕ ದೌರ್ಜನ್ಯದಿಂದ ಕಾಪಾಡೋ 2012ರ ಪೋಕ್ಸೊ ಕಾಯ್ದೆಯಲ್ಲಿ 18ರ ಒಳಗಿನ ಎಲ್ಲರೂ ಮಕ್ಕಳು, ಹುಡುಗರಿಗೂ ಅದೇ ರಕ್ಷಣೆ. ಅವಳೇ ಒಪ್ಪಿದ್ದಳು ಅನ್ನೋ ಮಾತು ಅಲ್ಲಿ ನಡೆಯಲ್ಲ. ಕೆಟ್ಟ ಉದ್ದೇಶದಿಂದ ಹಿಂದೆ ಬೀಳೋದು, ಪದೇ ಪದೇ ಮೆಸೇಜ್ ಹಾಕೋದೂ ಅಪರಾಧ. ತಪ್ಪು ಮಾಡಿದ ಹುಡುಗನಿಗೂ 18 ತುಂಬಿರದಿದ್ದರೆ ಬಾಲ ನ್ಯಾಯ ಮಂಡಳಿ ಮುಂದೆ ನಿಲ್ಲಬೇಕು. ಆದರೆ ಹೆದರಿಸೋದರಿಂದ ಶುರು ಮಾಡಬೇಡಿ. ಮನೆಯಲ್ಲಿ ಉಂಡ ತಾಟು ಯಾರು ಎತ್ತುತ್ತಾರೆ, ತಂಗಿಗೆ ಎಷ್ಟು ಗಂಟೆಯೊಳಗೆ ಮನೆಗೆ ಬಾ ಅನ್ನುತ್ತೀರಿ, ಅವನಿಗೆ ಎಷ್ಟು? ಅಲ್ಲಿಂದ ಹಿಡೀರಿ. ಸರ್ಕಾರಿ ಆಸ್ಪತ್ರೆಯ ಸ್ನೇಹ ಕ್ಲಿನಿಕ್ ಹದಿಹರೆಯದವರಿಗೇ ಇರೋದು, ಹುಡುಗರು ಆ ಕಡೆ ಸುಳಿಯೋದೇ ಕಡಿಮೆ. ಆ ಹುಡುಗಿಯರಿಗೆ ಮಕ್ಕಳ ಸಹಾಯವಾಣಿ 1098 ನಂಬರ್ ಕೊಡಿ.

ಧಾರವಾಡದ ಅಮ್ಮ:
ರಾತ್ರಿ ಊಟ ಆದ ಮೇಲೆ ಕೇಳಿದೆ. "ನಾನೇನು ಮಾರ್ಕ್ಸ್ ಹಾಕಿಲ್ಲಲ್ಲ" ಅಂದ. ಬೇಡ ಅಂತ ಗ್ರೂಪಲ್ಲಿ ಬರೆದ್ಯಾ ಅಂದೆ. ಸುಮ್ನಾದ. ಆಮೇಲೆ ತನ್ನ ತಾಟು ತಾನೇ ಎತ್ತಿಕೊಂಡು ಹೋದ, ನಾಳೆ ಮತ್ತೆ ಕೂರುತ್ತೇವೆ.