ಮುಂಬೈಯಲ್ಲಿ 16 ಗಂಟೆ ಕಾಯಬೇಕು, ಜೊತೆಗೆ ಅಮ್ಮ ಇದ್ದಾರೆ. ಏನು ಮಾಡೋದು?

ಕೋಟೇಶ್ವರದವ

ಡಿಸೆಂಬರ್‌ನಲ್ಲಿ ಅಮ್ಮನನ್ನು ಕರೆದುಕೊಂಡು ಲಂಡನ್‌ಗೆ ಅಕ್ಕನ ಮನೆಗೆ ಹೊರಟಿದ್ದೇನೆ. ಮಂಗಳೂರಿಂದ ಹೊರಟು ಮಂಗಳವಾರ ಬೆಳಗ್ಗೆ 10ಕ್ಕೆ ಮುಂಬೈ ಏರ್‌ಪೋರ್ಟಿನ ಟಿ1ರಲ್ಲಿ (ಒಂದನೇ ಟರ್ಮಿನಲ್) ಇಳಿಯುತ್ತೇವೆ. ಮುಂದಿನ ವಿಮಾನ ಟಿ2ರಿಂದ ರಾತ್ರಿ 2ಕ್ಕೆ. ಎರಡೂ ಬೇರೆ ಬೇರೆ ಟಿಕೆಟ್, ಹಾಗಾಗಿ ಲಗೇಜ್ ನಮ್ಮ ಕೈಗೇ ಬರುತ್ತದೆ. ಎರಡು ದೊಡ್ಡ ಸೂಟ್‌ಕೇಸ್, ಅದರಲ್ಲಿ ಅರ್ಧ ಹಪ್ಪಳ, ಸಂಡಿಗೆ, ಮಿಡಿ ಉಪ್ಪಿನಕಾಯಿ. ಅಮ್ಮನಿಗೆ 66, ಮಂಡಿ ನೋವಿದೆ, ನಿಧಾನವಾಗಿ ನಡೆಯುತ್ತಾರೆ. ಏರ್‌ಪೋರ್ಟಲ್ಲೇ 16 ಗಂಟೆ ಕೂರಿಸಿದರೆ ನನ್ನನ್ನು ಬೈದು ಮುಗಿಸುತ್ತಾರೆ. ಗೇಟ್‌ವೇ, ಎಲಿಫೆಂಟಾ, ಮರೀನ್ ಡ್ರೈವ್, ಸಿದ್ಧಿವಿನಾಯಕ, ಜುಹು, ಇಷ್ಟೂ ಆಗುತ್ತಾ? ಗೊತ್ತಿದ್ದವರು ಹೇಳಿ.

ಡೊಂಬಿವಲಿ ಲೋಕಲ್

ಇಷ್ಟೂ ಆಗಲ್ಲ ಸರ್. ಅರ್ಧವೂ ಆಗಲ್ಲ.

ಮೊದಲು ಎಲಿಫೆಂಟಾ ಬಿಟ್ಟುಬಿಡಿ. ಗೇಟ್‌ವೇಯಿಂದ ಬೋಟ್‌ನಲ್ಲಿ ಹೋಗೋಕೇ ಸುಮಾರು ಒಂದು ಗಂಟೆ, ಅಲ್ಲಿ ಇಳಿದ ಮೇಲೆ ಗುಹೆಗೆ ನೂರಕ್ಕೂ ಜಾಸ್ತಿ ಮೆಟ್ಟಿಲು. ಮಂಡಿ ನೋವಿನವರಿಗೆ ಅದು ಶಿಕ್ಷೆ. ನಾನು ಒಂದು ಸಲ ಊರಿಂದ ಬಂದ ಭಾವನನ್ನು ವಿಮಾನ ಹತ್ತಿಸುವ ದಿನವೇ ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ವಾಪಸ್ ಬರುವಾಗ ಬೋಟಿಗೆ ಕ್ಯೂ. ಗೇಟ್‌ವೇಯಲ್ಲಿ ಟ್ಯಾಕ್ಸಿ ಹತ್ತುವಾಗ ಸಂಜೆ ಐದೂವರೆ, ಟಿ2 ಮುಟ್ಟುವಾಗ ಎಂಟಕ್ಕೆ ಹತ್ತು ನಿಮಿಷ. ಆ ದಾರಿ ಪೂರ್ತಿ ಭಾವ ಒಂದು ಮಾತೂ ಆಡಲಿಲ್ಲ, ಬರೀ ವಾಚ್ ನೋಡುತ್ತಿದ್ದರು. ಕೌಂಟರ್ ಮುಚ್ಚೋಕೆ ನಾಲ್ಕು ನಿಮಿಷ ಇತ್ತು. ಈಗಲೂ ಮದುವೆ ಮನೆಗಳಲ್ಲಿ ಸಿಕ್ಕಾಗ ಅದನ್ನೇ ಹೇಳುತ್ತಾರೆ.

ಈಗ ಮೆಟ್ರೊ ಇದೆ, ಅದು ದೊಡ್ಡ ಅನುಕೂಲ. ಮೂರನೇ ಲೈನ್ ಟಿ2, ಟಿ1 ಎರಡಕ್ಕೂ ತಾಗಿಕೊಂಡೇ ಹೋಗಿ ದಾದರ್, ಸಿದ್ಧಿವಿನಾಯಕ, ಸಿಎಸ್‌ಎಂಟಿ, ಹುತಾತ್ಮ ಚೌಕ, ಚರ್ಚ್‌ಗೇಟ್ ದಾಟಿ ಕಫ್ ಪರೇಡ್ ತನಕ ಇದೆ. 2025ರ ಅಕ್ಟೋಬರ್‌ನಲ್ಲಿ ಪೂರ್ತಿ ಲೈನ್ ಶುರುವಾಯಿತು. ಈ ತುದಿಯಿಂದ ಆ ತುದಿಗೆ 70 ರೂಪಾಯಿ. ಎಸಿ, ಲಿಫ್ಟ್, ಎಸ್ಕಲೇಟರ್ ಎಲ್ಲ ಇದೆ, ಟ್ರಾಫಿಕ್ ತಲೆನೋವಿಲ್ಲ. ಟಿ2ರಿಂದ ಚರ್ಚ್‌ಗೇಟಿಗೆ ಮುಕ್ಕಾಲು ಗಂಟೆ ಅಂತ ಹಿಡಿಯಿರಿ. ನೆಲದಡಿಯ ಸ್ಟೇಷನ್‌ಗಳು, ಮೊಬೈಲ್ ಸಿಗ್ನಲ್ ನಂಬಿಕೊಂಡು ಇಳಿಯಬೇಡಿ, ಟಿಕೆಟಿಗೆ ಸ್ವಲ್ಪ ಚಿಲ್ಲರೆ ಇಟ್ಟುಕೊಳ್ಳಿ.

ಸೂಟ್‌ಕೇಸ್ ಹಿಡಿದುಕೊಂಡು ಮಾತ್ರ ಮೆಟ್ರೊ ಬೇಡ. ಟಿ1ರಲ್ಲಿ ಇಳಿದ ತಕ್ಷಣ ಟ್ಯಾಕ್ಸಿ ಮಾಡಿ ಟಿ2ಕ್ಕೆ ಹೋಗಿ, ಅಲ್ಲಿ ಲಗೇಜ್ ಇಡುವ ಜಾಗ ಇದೆ, ಗಂಟೆ ಲೆಕ್ಕದಲ್ಲಿ ದುಡ್ಡು. ಪಾಸ್‌ಪೋರ್ಟ್, ಅಮ್ಮನ ಮಾತ್ರೆ ಕೈಚೀಲದಲ್ಲೇ ಇರಲಿ.

ಮಾಟುಂಗದ ಸೊಸೆ

ಅಮ್ಮ ಅಂದ್ರೆ ಸಿದ್ಧಿವಿನಾಯಕನೇ ಮೊದಲು ಅಂತ ಹೇಳೋಣ ಅಂದುಕೊಂಡೆ, ಮೆಟ್ರೊ ಸ್ಟೇಷನ್ ಬೇರೆ ದೇವಸ್ಥಾನದ ಹತ್ತಿರವೇ ಇದೆ. ಆದರೆ ನೀವು ಬರೋದು ಮಂಗಳವಾರ! ಅವತ್ತಿನ ಕ್ಯೂ ನೋಡಿದರೆ ಅಮ್ಮನೇ "ಇಲ್ಲಿಂದಲೇ ಕೈ ಮುಗಿಯುವ" ಅಂತಾರೆ. ಬೇರೆ ಯಾವ ದಿನ ಆಗಿದ್ದರೂ ಹೋಗಿ ಅನ್ನುತ್ತಿದ್ದೆ.

ಬದಲಿಗೆ ಮಾಟುಂಗಕ್ಕೆ ಬನ್ನಿ. ದಾದರ್‌ನಲ್ಲಿ ಮೆಟ್ರೊ ಇಳಿದು ಕಾಳಿ-ಪೀಲಿ (ಕಪ್ಪು-ಹಳದಿ) ಟ್ಯಾಕ್ಸಿ ಹಿಡಿಯಿರಿ. ಆಟೊ ಹುಡುಕಬೇಡಿ, ಈ ಕಡೆ ಆಟೊ ಬರೋದೇ ಇಲ್ಲ, ಬಾಂದ್ರಾ, ಸಯನ್ ತನಕ ಮಾತ್ರ. ಮಾಟುಂಗ ರೈಲ್ವೆ ಸ್ಟೇಷನ್ ಹತ್ತಿರ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ, 1942ರದ್ದು, ಬಾಳೆ ಎಲೆ ಊಟ. ಆದರೆ ಅದು ಮೊದಲ ಮಹಡಿಯಲ್ಲಿ, ಮೆಟ್ಟಿಲು ಹತ್ತಬೇಕು. ಮಂಡಿ ಒಪ್ಪದಿದ್ದರೆ ಕಿಂಗ್ಸ್ ಸರ್ಕಲ್ ಹತ್ತಿರದ ಕೆಫೆ ಮದ್ರಾಸ್‌ಗೆ ಹೋಗಿ, ರಾಗಿ ದೋಸೆ, ರಸಂ ವಡೆ ತಿನ್ನಿ. ಸೋಮವಾರ ಅವರಿಗೆ ರಜೆ, ನಿಮ್ಮದು ಮಂಗಳವಾರ ಆಗಿದ್ದು ಇಲ್ಲಿ ಒಳ್ಳೇದಾಯಿತು. ಎರಡೂ ಕಡೆ ಊಟದ ಹೊತ್ತಿಗೆ ಕಾಯಬೇಕು, 12ರ ಒಳಗೆ ಹೋದರೆ ಸಲೀಸು.

ಆಮೇಲೆ ಹೂವಿನ ಅಂಗಡಿಗಳ ಸಾಲಿನಲ್ಲಿ ಸುಮ್ನೆ ಒಂದು ಸುತ್ತು. ಮದುವೆಯಾಗಿ ಬಂದ ಹೊಸತರಲ್ಲಿ ನನಗೆ ಊರು ನೆನಪಾದಾಗೆಲ್ಲ ಅಲ್ಲಿಗೇ ಹೋಗುತ್ತಿದ್ದೆ. ಒದ್ದೆ ಗೋಣಿಯ ಮೇಲೆ ಮಲ್ಲಿಗೆ ರಾಶಿ, ಪಕ್ಕದಲ್ಲೇ ಕಾಫಿ ಬೀಜ ಹುರಿಯುವ ವಾಸನೆ, ಹೂ ಕಟ್ಟುವ ಅಜ್ಜಿಯ ಬೆರಳು ನಿಲ್ಲುವುದೇ ಇಲ್ಲ, ಮಾತೂ ನಿಲ್ಲುವುದಿಲ್ಲ. ಅಮ್ಮನಿಗೆ ಕೂರಲು ಬೇಕಾದರೆ ಯಾವ ಅಂಗಡಿಯಲ್ಲಾದರೂ ಒಂದು ಸ್ಟೂಲ್ ಕೊಡುತ್ತಾರೆ, ಕನ್ನಡದಲ್ಲಿ ಕೇಳಿದರೂ ಆಗುತ್ತೆ.

ಟೈಮ್‌ಟೇಬಲ್ ಭಟ್ರು

ಎರಡು ವಿಷಯ ಯಾರೂ ಹೇಳಲಿಲ್ಲ.

ಒಂದು, ರಾತ್ರಿ 2 ಅಂದರೆ ಟಿಕೆಟ್‌ನಲ್ಲಿ ಬುಧವಾರದ ತಾರೀಕು ಇರಬೇಕು. ಮಂಗಳವಾರದ ತಾರೀಕು ಇದ್ದರೆ ನೀವು ಮುಂಬೈ ಮುಟ್ಟುವ ಮೊದಲೇ ಆ ವಿಮಾನ ಹೋಗಿರುತ್ತದೆ. ನಗಬೇಡಿ, ನಮ್ಮ ಮನೆಯಲ್ಲೇ ಆಗಿದೆ.

ಎರಡು, ಈಗ ನವಿ ಮುಂಬೈಯಲ್ಲೂ ಏರ್‌ಪೋರ್ಟ್ ಇದೆ. ಟಿಕೆಟ್‌ನಲ್ಲಿ 'ಬಿಒಎಂ' (ಹಳೇ ಮುಂಬೈ ಏರ್‌ಪೋರ್ಟ್) ಇದೆಯಾ 'ಎನ್‌ಎಂಐ' (ನವಿ ಮುಂಬೈ) ಇದೆಯಾ ನೋಡಿಕೊಳ್ಳಿ. ಒಂದರಲ್ಲಿ ಇಳಿದು ಇನ್ನೊಂದರಿಂದ ಹತ್ತುವುದಾದರೆ ಈ ಪ್ಲಾನ್ ಪೂರ್ತಿ ಬದಲಾಗುತ್ತದೆ.

ಮತ್ತೆ ಸೂಟ್‌ಕೇಸಿನಲ್ಲಿ ಕೊಬ್ಬರಿ ಇದ್ದರೆ ಮನೆಯಲ್ಲೇ ತೆಗೆದಿಡಿ. ಎಣ್ಣೆ ಅಂಶ ಜಾಸ್ತಿ, ಬೆಂಕಿ ಹತ್ತಿಕೊಳ್ಳುವ ವಸ್ತು ಅಂತ ವಿಮಾನದಲ್ಲಿ ಬಿಡಲ್ಲ.

ಕೋಟೇಶ್ವರದವ

ತುಂಬಾ ಥ್ಯಾಂಕ್ಸ್. ತಾರೀಕು ನೋಡಿದೆ, ಬುಧವಾರವೇ. ಎರಡೂ ಬಿಒಎಂ. ಕೊಬ್ಬರಿ ಇತ್ತು ಮಾರಾಯ್ರೆ, ಎಂಟು ಗಿಟುಕು! ಮಾಟುಂಗ ಗಟ್ಟಿ ಆಯಿತು. ಊಟ ಆದಮೇಲೆ ಮರೀನ್ ಡ್ರೈವ್‌ನಲ್ಲಿ ಸೂರ್ಯ ಮುಳುಗುವುದು ನೋಡಿ ಬರಬಹುದಾ?

ಡೊಂಬಿವಲಿ ಲೋಕಲ್

ನೋಡಬಹುದು. ಡಿಸೆಂಬರ್‌ನಲ್ಲಿ ಆರರ ಸುಮಾರಿಗೆ ಮುಳುಗುತ್ತದೆ. ಚರ್ಚ್‌ಗೇಟ್ ಸ್ಟೇಷನ್‌ನಿಂದ ಸ್ವಲ್ಪವೇ ನಡಿಗೆ, ಕೂರೋಕೆ ಉದ್ದಕ್ಕೂ ಕಟ್ಟೆ ಇದೆ. ವಾಪಸ್ ಬರುವಾಗ ಆಫೀಸ್ ಬಿಡುವ ಹೊತ್ತು, ಮೆಟ್ರೊ ಬಿಟ್ಟು ಟ್ಯಾಕ್ಸಿ ಆಸೆ ಮಾಡಬೇಡಿ, ಲೋಕಲ್ ಟ್ರೈನ್ ಅಂತೂ ಅಮ್ಮನ ಜೊತೆ ಬೇಡವೇ ಬೇಡ. ಎಂಟರೊಳಗೆ ಟಿ2 ಸೇರಿ. ಅಲ್ಲಿ ಗಂಟೆ ಲೆಕ್ಕದ ಹೋಟೆಲ್ ಇದೆ, ದುಬಾರಿ, ಆದರೆ ಅಮ್ಮ ಎರಡು ಗಂಟೆ ಕಾಲು ಚಾಚಿದರೆ ಲಂಡನ್ ತನಕ ನಿಮಗೇ ನೆಮ್ಮದಿ. ಸೆಕ್ಯುರಿಟಿ ದಾಟಿದ ಮೇಲೆ ಗೋಡೆ ತುಂಬಾ ಹಳೇ ಬಾಗಿಲು, ಕಂಬ, ಮೂರ್ತಿಗಳನ್ನು ಜೋಡಿಸಿಟ್ಟಿದ್ದಾರೆ, ಸಮಯ ಇದ್ದರೆ ನೋಡಿ.

ಕೋಟೇಶ್ವರದವ

ಅಮ್ಮನಿಗೆ ಎಲ್ಲ ಓದಿ ಹೇಳಿದೆ. ಹೂವಿನ ಅಂಗಡಿ, ರಸಂ ವಡೆ ಒಪ್ಪಿಗೆ. ಮರೀನ್ ಡ್ರೈವ್ ಅಂದದ್ದಕ್ಕೆ "ಸಮುದ್ರ ಕಾಂಬುಕೆ ಬೊಂಬಾಯಿಗೆ ಹೋಯ್ಕಾ ಮಗಾ" ಅಂದರು. ಹಾಗಾಗಿ ಅದು ಕ್ಯಾನ್ಸಲ್. ಊಟ ಮುಗಿಸಿ ಸೀದಾ ಹೋಟೆಲ್ ರೂಮು.