ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ಗೆ ಹೆಚ್ಚುವರಿ ಆಯಿಲ್ ಕೂಲರ್: ಹಾಕಿಸಿದವರು ಅನುಭವ ಹೇಳಿ

ಕೇಳಿದವರು, ಚಿತ್ರದುರ್ಗದಿಂದ:

ನನ್ನದು ಆರು ವರ್ಷ ಹಳೆಯ ಡೀಸೆಲ್ ಫೋರ್ ವೀಲ್ ಡ್ರೈವ್ ಗಾಡಿ, ಆಟೊಮ್ಯಾಟಿಕ್ ಗೇರ್. ವಾರಕ್ಕೆ ಎರಡು ಸಲ ಹೊಸದುರ್ಗದ ಕಡೆಯ ತೋಟಕ್ಕೆ ಹೋಗಬೇಕು. ಕೊನೆಯ ನಾಲ್ಕು ಕಿಲೋಮೀಟರ್ ಗಾಳಿಯಂತ್ರಗಳಿಗಾಗಿ ಗುಡ್ಡ ಕಡಿದು ಮಾಡಿದ ಮಣ್ಣಿನ ದಾರಿ. ಮಳೆಗೆ ಕೊರೆದುಹೋಗಿ ಈಗ ಬರೀ ಜಲ್ಲಿ ಉಳಿದಿದೆ. ಏಪ್ರಿಲ್‌ನ ಒಂದು ಮಧ್ಯಾಹ್ನ ದಾಳಿಂಬೆ ಗಿಡಕ್ಕೆ ಗೊಬ್ಬರ ತುಂಬಿದ ಟ್ರೇಲರ್ ಎಳೆದುಕೊಂಡು ಹತ್ತುವಾಗ ಗೇರ್‌ಬಾಕ್ಸ್ ಬಿಸಿಯ ದೀಪ ಹೊತ್ತಿಕೊಂಡಿತು. ಇಂಜಿನ್‌ನ ಮುಳ್ಳು ಮಾತ್ರ ನಡುವಿನಿಂದ ಅಲುಗಾಡಿರಲಿಲ್ಲ. ಒಂದು ಗ್ಯಾರೇಜಿನವರು ಗೇರ್ ಎಣ್ಣೆ ತಣಿಸಲು ಗ್ರಿಲ್ ಹಿಂದೆ ಇನ್ನೊಂದು ಕೂಲರ್ ಹಾಕೋಣ ಎನ್ನುತ್ತಾರೆ. ಇನ್ನೊಬ್ಬರು ಕಂಪನಿ ಕೊಟ್ಟದ್ದಕ್ಕೆ ಕೈ ಹಚ್ಚಬೇಡಿ ಎನ್ನುತ್ತಾರೆ. ಯಾರ ಮಾತು ಕೇಳಲಿ?

ದಾವಣಗೆರೆಯಿಂದ:

ಇಬ್ಬರ ಮಾತನ್ನೂ ಎರಡು ವಾರ ಪಕ್ಕಕ್ಕಿಡಿ. ನಾನು ಕೂಲರ್ ಹಾಕಿಸಿ ನಾಲ್ಕು ವರ್ಷವಾಯಿತು, ಹಾಕಿಸಿದ್ದಕ್ಕೆ ಸಂತೋಷವಿದೆ. ಆದರೆ ಹಾಕಿಸುವ ಮೊದಲು ಮಾಡಬೇಕಾದ ಎರಡು ಕೆಲಸವನ್ನು ನಾನು ಮಾಡಿರಲಿಲ್ಲ.

ಮೊದಲು ಬಿಸಿ ಎಲ್ಲಿಂದ ಬರುತ್ತದೆ ನೋಡಿ. ನಿಮ್ಮ ಗೇರ್‌ಬಾಕ್ಸ್‌ನಲ್ಲಿ ಕ್ಲಚ್‌ನ ಜಾಗದಲ್ಲಿ ಟಾರ್ಕ್ ಕನ್ವರ್ಟರ್ ಇರುತ್ತದೆ. ಇಂಜಿನ್ ಎಣ್ಣೆಯನ್ನು ತಿರುಗಿಸುತ್ತದೆ, ಎಣ್ಣೆ ಗೇರನ್ನು ತಿರುಗಿಸುತ್ತದೆ. ಹೆದ್ದಾರಿಯಲ್ಲಿ ಕನ್ವರ್ಟರ್‌ನ ಎರಡು ಬದಿಯೂ ಒಂದಕ್ಕೊಂದು ಲಾಕ್ ಆಗುವುದರಿಂದ ಜಾರುವಿಕೆ ಇರುವುದಿಲ್ಲ. ಏರಿನಲ್ಲಿ ನಡಿಗೆಯ ವೇಗದಲ್ಲಿ ಭಾರ ಎಳೆಯುವಾಗ ಸಾಮಾನ್ಯವಾಗಿ ಲಾಕ್ ಆಗುವುದಿಲ್ಲ, ಇಂಜಿನ್ನಿನ ಶಕ್ತಿಯ ದೊಡ್ಡ ಪಾಲು ಎಣ್ಣೆಯನ್ನು ಕಡೆಯುವುದಕ್ಕೇ ಹೋಗುತ್ತದೆ. ನಮ್ಮ ಊರಿನವರಿಗೆ ಕಡೆದರೆ ಬೆಣ್ಣೆ ಬರುವುದು ಗೊತ್ತು. ಇಲ್ಲಿ ಕಡೆದರೆ ಬರುವುದು ಬರೀ ಬಿಸಿ. ಇಂಜಿನ್ ಮುಳ್ಳು ಅಲುಗಾಡದಿದ್ದದ್ದೂ ಅದಕ್ಕೇ. ಅದು ನೀರಿನ ಬಿಸಿಯನ್ನು ತೋರಿಸುತ್ತದೆ, ಗೇರ್ ಎಣ್ಣೆಯದನ್ನಲ್ಲ.

ಹಾಗಾಗಿ ಮೊದಲ ಪ್ರಶ್ನೆ: ಆ ಏರನ್ನು ಲೋ ರೇಂಜ್‌ನಲ್ಲಿ (ಫೋರ್ ವೀಲ್ ಡ್ರೈವ್ ಗಾಡಿಯ ನಿಧಾನದ, ಹೆಚ್ಚು ಬಲದ ಗೇರ್ ಸಾಲು) ಹತ್ತಿದಿರಾ, ಹೈ ರೇಂಜ್‌ನಲ್ಲೇ ಹತ್ತಿದಿರಾ? ಲೋ ರೇಂಜ್‌ಗೆ ಹಾಕಿದರೆ ಬಹುತೇಕ ಗಾಡಿಗಳಲ್ಲಿ ಚಕ್ರಕ್ಕೆ ಸುಮಾರು ಎರಡೂವರೆ ಪಟ್ಟು ಬಲ ಸಿಗುತ್ತದೆ. ಇಂಜಿನ್ ಹಗುರವಾಗಿ ತಿರುಗುತ್ತದೆ, ಕನ್ವರ್ಟರ್ ಜಾರುವುದು ಕಡಿಮೆಯಾಗುತ್ತದೆ. ಸ್ಟಿಯರಿಂಗ್ ಕೆಳಗಿನ, ಗಾಡಿಯ ಕಂಪ್ಯೂಟರನ್ನು ಓದುವ ಓಬಿಡಿ ಸಾಕೆಟ್‌ಗೆ ಸಿಕ್ಕಿಸುವ ಚಿಕ್ಕ ಬ್ಲೂಟೂತ್ ಉಪಕರಣ ಕೊಳ್ಳಿ. ಬಹಳಷ್ಟು ಗಾಡಿಗಳಲ್ಲಿ ಗೇರ್ ಎಣ್ಣೆಯ ಉಷ್ಣತೆ ಮೊಬೈಲ್‌ನಲ್ಲೇ ಕಾಣುತ್ತದೆ. ನಾನು ಅದನ್ನು ತಂದದ್ದು ಕೂಲರ್ ಹಾಕಿಸಿದ ಮೇಲೆ, ಬುದ್ಧಿ ಬಂದದ್ದೂ ಆಮೇಲೆಯೇ. ಒಂದೇ ಏರು, ಒಂದೇ ದಿನ, ಒಂದೇ ಭಾರ: ಹೈ ರೇಂಜ್‌ನಲ್ಲಿ 117 ಡಿಗ್ರಿ, ಲೋ ರೇಂಜ್‌ನಲ್ಲಿ 98. ಅಂದರೆ ಸುಮಾರು ಇಪ್ಪತ್ತು ಡಿಗ್ರಿ ಪುಕ್ಕಟೆಯಾಗಿ ಇಳಿದದ್ದು ಒಂದು ಲಿವರ್‌ನಿಂದ.

ಎಣ್ಣೆ 80ರಿಂದ 95 ಡಿಗ್ರಿಯೊಳಗೆ ಇದ್ದರೆ ಚಿಂತೆಯಿಲ್ಲ. 120 ದಾಟಿ ಮತ್ತೆ ಮತ್ತೆ ಹೋದರೆ ಎಣ್ಣೆ ಒಡೆದು ಒಳಗೆ ವಾರ್ನಿಷ್‌ನಂತೆ ಅಂಟುತ್ತದೆ, ಇನ್ನೂ ಏರಿದರೆ ರಬ್ಬರ್ ಸೀಲುಗಳು ಗಟ್ಟಿಯಾಗುತ್ತವೆ. ಪ್ರತಿ ಹತ್ತು ಡಿಗ್ರಿ ಹೆಚ್ಚಿಗೆ ಎಣ್ಣೆಯ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆ ಎನ್ನುವುದು ಈ ಕೆಲಸದವರ ಹಳೆಯ ಲೆಕ್ಕ.

ಎರಡನೆಯದು, ಮುಂದಿನ ಗ್ರಿಲ್ ಬಿಚ್ಚಿಸಿ ಎಸಿ ಕಂಡೆನ್ಸರ್‌ಗೂ ರೇಡಿಯೇಟರ್‌ಗೂ ನಡುವಿನ ಸಂದಿಗೆ ಟಾರ್ಚ್ ಬಿಟ್ಟು ನೋಡಿ. ನನ್ನ ಗಾಡಿಯಲ್ಲಿ ಅಲ್ಲಿ ಒಂದು ಕಂಬಳಿಯೇ ಇತ್ತು: ಎಕ್ಕದ ಕಾಯಿಯ ಅರಳೆ, ಮೆಕ್ಕೆಜೋಳದ ಒಣ ಸಿಪ್ಪೆಯ ಚೂರು, ಚಿಟ್ಟೆಯ ರೆಕ್ಕೆ, ಎಲ್ಲವೂ ಎರೆಮಣ್ಣಿನ ಧೂಳಿನಲ್ಲಿ ಕಲೆಸಿ ರೊಟ್ಟಿಯಂತೆ ಗಟ್ಟಿಯಾಗಿತ್ತು. ಉಗುರಿನಿಂದ ಎತ್ತಿದರೆ ಅಂಗೈ ಅಗಲದ ಹಾಳೆಯಾಗಿ ಬಂತು. ಅದರ ಮುಂದೆ ಮೂರು ಕೂಲರ್ ಇಟ್ಟರೂ ಗಾಳಿ ದಾಟುವುದಿಲ್ಲ. ನೀರನ್ನು ಹಿಂದಿನಿಂದ ಮುಂದಕ್ಕೆ, ಕಡಿಮೆ ಒತ್ತಡದಲ್ಲಿ ಬಿಡಿ. ವಾಟರ್ ಸರ್ವೀಸ್‌ನವರ ಕೈಗೆ ಗನ್ ಕೊಟ್ಟರೆ ರೇಡಿಯೇಟರ್‌ನ ತಗಡಿನ ರೇಕುಗಳೆಲ್ಲ ಮಲಗಿಬಿಡುತ್ತವೆ.

ಇಷ್ಟಾದ ಮೇಲೂ 110ಕ್ಕೆ ಹೋಗುತ್ತಿದ್ದರೆ ಕೂಲರ್ ಹಾಕಿಸಿ. ಟ್ರೇಲರ್ ಎಳೆಯುವವರು ನೀವು, ಬಹುಶಃ ಬೇಕಾಗುತ್ತದೆ.

ಹಿರಿಯೂರಿನಿಂದ:

ಮೇಲಿನವರು ಮರಳನ್ನು ಮರೆತರು. ವೇದಾವತಿ ಪಾತ್ರದ ಮರಳಿನಲ್ಲಿ ಅರ್ಧ ಗಂಟೆ ಓಡಿಸಿದರೆ ಯಾವ ಏರಿಗಿಂತಲೂ ಹೆಚ್ಚು ಬಿಸಿ. ಟೈರ್ ಗಾಳಿ ಇಳಿಸಿದರೆ ಗೇರ್‌ಬಾಕ್ಸ್‌ಗೂ ಉಸಿರು ಬರುತ್ತದೆ. ದೀಪ ಹೊತ್ತಿದ ತಕ್ಷಣ ಇಂಜಿನ್ ಆರಿಸಬೇಡಿ. ನ್ಯೂಟ್ರಲ್‌ಗೆ ಹಾಕಿ ಬ್ರೇಕ್ ಹಿಡಿದು, ಇಂಜಿನ್ನನ್ನು ನಿಮಿಷಕ್ಕೆ 1,200–1,500 ಸುತ್ತಿನಲ್ಲಿ ಐದಾರು ನಿಮಿಷ ಓಡಲು ಬಿಡಿ. ಇಂಜಿನ್ ಓಡಿದರೆ ಮಾತ್ರ ಪಂಪ್ ಎಣ್ಣೆಯನ್ನು ಕೂಲರ್‌ಗೆ ತಳ್ಳುತ್ತದೆ. ಆರಿಸಿದರೆ ಕುದಿಯುವ ಎಣ್ಣೆ ಕನ್ವರ್ಟರ್‌ನಲ್ಲೇ ಕುಳಿತುಬಿಡುತ್ತದೆ.

2022ರಲ್ಲಿ ವೇದಾವತಿಯ ಮೇಲಿನ ವಾಣಿವಿಲಾಸ ಸಾಗರ ಜಲಾಶಯ ಕೋಡಿ ಬಿದ್ದ ಮೇಲೆ ನಮ್ಮ ಕಡೆ ಮರಳಿನಾಟ ಕಡಿಮೆಯಾಗಿದೆ. ಅದಕ್ಕೆ ಬೇಸರವಿಲ್ಲ, ನೀರು ಬಂದದ್ದೇ ದೊಡ್ಡದು.

ಹರಿಹರದಿಂದ:

ನನ್ನ ಕಥೆ ಕೇಳಿ ಎಚ್ಚರವಾಗಿರಿ. ಕೂಲರ್ ಒಳ್ಳೆಯದನ್ನೇ ತರಿಸಿದೆ, ತಟ್ಟೆಗಳನ್ನು ಒತ್ತೊತ್ತಾಗಿ ಜೋಡಿಸಿದ ಬಗೆಯದು. ಕೂಡಿಸಿದ ಹುಡುಗ ಅದಕ್ಕೆ ಹಚ್ಚಿದ್ದು ಮಾತ್ರ ಅಂಗಡಿಯಲ್ಲಿ ಮೀಟರ್ ಲೆಕ್ಕಕ್ಕೆ ಸಿಗುವ ಡೀಸೆಲ್ ಪೈಪು. ಉಕ್ಕಿನ ಕೊಳವೆಯನ್ನು ಕತ್ತರಿಸಿದ ತುದಿಗೆ ಉಬ್ಬು ಕೂಡ ಮಾಡಿರಲಿಲ್ಲ. ನುಣುಪಾದ ಕೊಳವೆಗೆ ಪೈಪು ತೊಡಿಸಿ ಒಂದೊಂದು ಕ್ಲಾಂಪ್ ಬಿಗಿದ. ಮೂರು ತಿಂಗಳು ಏನೂ ಆಗಲಿಲ್ಲ. ಒಂದು ರಾತ್ರಿ ಹೊಳಲ್ಕೆರೆ ದಾಟಿದ ಮೇಲೆ ಗಾಡಿ ಇಂಜಿನ್ ಸದ್ದು ಮಾಡುತ್ತಲೇ ನಿಂತಿತು. ಕೆಳಗೆ ಬಗ್ಗಿ ನೋಡಿದರೆ ಡಾಂಬರಿನ ಮೇಲೆ ಕೆಂಪು ಗೆರೆ, ಮೊಬೈಲ್ ಬೆಳಕಿನಲ್ಲಿ ಕುಂಕುಮ ಕದಡಿದ ನೀರಿನಂತೆ ಹೊಳೆಯುತ್ತಿತ್ತು. ಪೈಪು ಜಾರಿ ಎಣ್ಣೆಯೆಲ್ಲ ಒಂದೆರಡು ನಿಮಿಷದಲ್ಲಿ ಖಾಲಿಯಾಗಿತ್ತು. ಗೇರ್‌ಬಾಕ್ಸ್ ಒಳಗೆ ಗೇರ್ ಬದಲಿಸುವ ಚಿಕ್ಕ ಕ್ಲಚ್ ತಟ್ಟೆಗಳು ಸುಟ್ಟವು. ಬಿಸಿಯಿಂದ ಗೇರ್‌ಬಾಕ್ಸ್ ಉಳಿಸಲು ಹೋಗಿ ಅದನ್ನೇ ಕಳೆದುಕೊಂಡೆ.

ಬಿಸಿ ಗೇರ್ ಎಣ್ಣೆಗೆಂದೇ ತಯಾರಾದ ಹೋಸ್ ಬೇಕು, ಕೊಳವೆಯ ತುದಿಗೆ ಉಬ್ಬು ಬೇಕು, ಕ್ಲಾಂಪ್ ಅಂಚು ರಬ್ಬರ್ ಕಚ್ಚದಂತಿರಬೇಕು. ನೂರು ಕಿಲೋಮೀಟರ್ ಓಡಿಸಿ ಮತ್ತೊಮ್ಮೆ ಬಿಗಿಸಿ. ಹಳ್ಳ ದಿಣ್ಣೆಯಲ್ಲಿ ಹೋಸ್ ಯಾವ ಅಂಚಿಗೆ ಉಜ್ಜುತ್ತದೆ ಎಂದು ಬೆರಳಾಡಿಸಿ ನೋಡಿ. ಕೂಲರ್‌ಗಿಂತ ಹೋಸ್‌ಗೆ ಖರ್ಚು ಜಾಸ್ತಿಯಾಯಿತು, ಮೂಗಿಗಿಂತ ಮೂಗುತಿ ಭಾರ ಎಂದು ಗೊಣಗಬೇಡಿ.

ಚನ್ನಗಿರಿಯಿಂದ:

ನನ್ನದು ಎಎಂಟಿ ಗಾಡಿ (ಕ್ಲಚ್, ಗೇರ್ ಎರಡನ್ನೂ ಯಂತ್ರವೇ ಬದಲಿಸುವಂಥದ್ದು), ಅಡಿಕೆ ತೋಟಕ್ಕೆ ಓಡಾಡುತ್ತೇನೆ. ನನಗೂ ಬೇಕೇ?

ದಾವಣಗೆರೆಯಿಂದ, ಮತ್ತೆ:

ಬೇಡ. ಎಎಂಟಿಯಲ್ಲಿ ಟಾರ್ಕ್ ಕನ್ವರ್ಟರ್ ಇಲ್ಲ, ಒಳಗೆ ಇರುವುದು ಸಾಮಾನ್ಯ ಗೇರ್‌ಬಾಕ್ಸ್. ಅಲ್ಲಿ ಸುಡುವುದು ಕ್ಲಚ್, ಅದಕ್ಕೆ ಕೂಲರ್ ಮದ್ದಲ್ಲ.

ಹರಿಹರದವರ ಮಾತಿಗೆ ಕೆಲವು ಸೇರಿಸುತ್ತೇನೆ. ರೇಡಿಯೇಟರ್ ಒಳಗಿನ ಮೂಲ ಕೂಲರನ್ನು ತಪ್ಪಿಸಬೇಡಿ. ಬಿಸಿ ಎಣ್ಣೆ ಮೊದಲು ರೇಡಿಯೇಟರ್‌ಗೆ, ಅಲ್ಲಿಂದ ಹೊಸ ಕೂಲರ್‌ಗೆ, ಅಲ್ಲಿಂದ ಗೇರ್‌ಬಾಕ್ಸ್‌ಗೆ ಬರಬೇಕು. ತಿರುಗುಮುರುಗಾದರೆ ಹೊಸ ಕೂಲರ್ ತಣಿಸಿದ್ದನ್ನು ರೇಡಿಯೇಟರ್‌ನ 90 ಡಿಗ್ರಿಯ ನೀರು ಮತ್ತೆ ಕಾಯಿಸಬಹುದು. ಹಿಂದಿರುಗುವ ಕೊಳವೆ ಯಾವುದೆಂದು ಊಹಿಸಬೇಡಿ, ಕೈಪಿಡಿ ನೋಡಿಸಿ. ಕೆಲವು ಹೊಸ ಗಾಡಿಗಳಲ್ಲಿ ಎಣ್ಣೆ–ನೀರಿನ ಕೂಲರ್ ಗೇರ್‌ಬಾಕ್ಸ್ ಮೈಗೇ ಅಂಟಿಕೊಂಡಿದ್ದು ಹೋಸ್ ಇರುವುದೇ ಇಲ್ಲ. ಅಲ್ಲಿ ಬೇರೆ ಅಡಾಪ್ಟರ್ ಬೇಕು, ಗೊತ್ತಿಲ್ಲದವರ ಕೈಗೆ ಕೊಡಬೇಡಿ.

ಕೂಲರನ್ನು ಕಂಡೆನ್ಸರ್ ಮುಂದೆ ಬೆರಳಗಲ ಸಂದಿ ಬಿಟ್ಟು, ಕಬ್ಬಿಣದ ಪಟ್ಟಿಗೆ ಬೋಲ್ಟ್ ಹಾಕಿ ಕೂಡಿಸಲಿ. ಪೆಟ್ಟಿಗೆಯೊಂದಿಗೆ ಬರುವ ಪ್ಲಾಸ್ಟಿಕ್ ಕಡ್ಡಿಗಳನ್ನು ರೇಕುಗಳ ನಡುವೆ ತೂರಿಸಿ ಕಟ್ಟುವವರಿದ್ದಾರೆ. ಮಣ್ಣಿನ ದಾರಿಯ ನಡುಕಕ್ಕೆ ಅವು ಕಂಡೆನ್ಸರನ್ನೇ ಸವೆಸುತ್ತವೆ, ನನ್ನ ಎಸಿ ಗ್ಯಾಸ್ ಹೋದದ್ದು ಹಾಗೆಯೇ. ಎಣ್ಣೆ ಒಳಹೋಗುವ ಬಾಯಿಗಳು ಕೆಳಮುಖವಾಗಿರಬಾರದು, ಗಾಳಿ ಸಿಕ್ಕಿಕೊಳ್ಳುತ್ತದೆ. ಗಾಡಿಯ ಅಡಿಯಲ್ಲೋ ಹಿಂದೆಯೋ ಕೂಡಿಸುವುದಾದರೆ ಅದಕ್ಕೆ ತನ್ನದೇ ವಿದ್ಯುತ್ ಫ್ಯಾನ್ ಇರಬೇಕು. ಏರಿನಲ್ಲಿ ಗಾಡಿ ಆಮೆಯಂತೆ ಹೋಗುವಾಗ ಗಾಳಿ ತಾನಾಗಿ ಬರುವುದಿಲ್ಲ.

ಕೊನೆಗೆ ಎಣ್ಣೆಯ ಮಟ್ಟ. ಕೂಲರ್ ಮತ್ತು ಹೋಸ್ ಸೇರಿ ಅರ್ಧ ಲೀಟರ್ ಸುಮಾರು ಹಿಡಿಯುತ್ತದೆ. ಮಟ್ಟ ನೋಡುವ ಕಡ್ಡಿ (ಡಿಪ್‌ಸ್ಟಿಕ್) ಇಲ್ಲದ ಗೇರ್‌ಬಾಕ್ಸ್‌ಗಳಲ್ಲಿ ಗಾಡಿಯನ್ನು ಸಮತಟ್ಟಾಗಿ ಎತ್ತಿ, ಇಂಜಿನ್ ಓಡುತ್ತಿರುವಾಗ, ಕೈಪಿಡಿ ಹೇಳಿದ ಉಷ್ಣತೆಯಲ್ಲಿ ಮಾತ್ರ ತಪಾಸಣೆಯ ಬೋಲ್ಟ್ ಬಿಚ್ಚಬೇಕು. ಹಲವು ಗೇರ್‌ಬಾಕ್ಸ್‌ಗಳಿಗೆ ಅದು 40 ಡಿಗ್ರಿಯ ಆಸುಪಾಸು. ನಮ್ಮ ಊರಿನ ಮೇ ತಿಂಗಳಲ್ಲಿ ಮಧ್ಯಾಹ್ನ ಗಾಡಿ ನಿಂತಲ್ಲೇ ಆ ಬಿಸಿಗೆ ಬಂದಿರುತ್ತದೆ, ಆದ್ದರಿಂದ ಈ ಕೆಲಸವನ್ನು ಬೆಳಿಗ್ಗೆ ಏಳಕ್ಕೇ ಮಾಡಿಸಿ. ವಾರಂಟಿ ಬಾಕಿ ಇದ್ದರೆ ಮೊದಲು ಷೋರೂಮಿನವರಿಂದ ಲಿಖಿತ ಉತ್ತರ ಪಡೆಯಿರಿ.

ಕೇಳಿದವರು, ಮೂರು ವಾರದ ನಂತರ:

ನಾಚಿಕೆ ಬಿಟ್ಟು ಹೇಳುತ್ತೇನೆ, ಆರು ವರ್ಷದಲ್ಲಿ ಲೋ ರೇಂಜ್ ಮುಟ್ಟಿದ್ದು ಎರಡೇ ಸಲ. ರೇಡಿಯೇಟರ್ ಸಂದಿಯ ಕಂಬಳಿ ನನ್ನಲ್ಲೂ ಇತ್ತು. ತೊಳೆಸಿ, ಲೋ ರೇಂಜ್‌ನಲ್ಲಿ ಖಾಲಿ ಗಾಡಿ ಹತ್ತಿಸಿದರೆ 94. ಟ್ರೇಲರ್ ಕಟ್ಟಿದಾಗ ಮಾತ್ರ ಕೊನೆಯ ತಿರುವಿನ ಹೊತ್ತಿಗೆ 112 ತೋರಿಸಿತು. ಎಣ್ಣೆಯ ಒಂದು ಹನಿಯನ್ನು ಬಿಳಿ ಕಾಗದದ ಮೇಲೆ ಬಿಟ್ಟು ನೋಡಿದೆವು. ಕೆಂಪು ಹೋಗಿ ಬೆಲ್ಲದ ಪಾಕದ ಬಣ್ಣಕ್ಕೆ ತಿರುಗಿತ್ತು, ಸುಟ್ಟ ವಾಸನೆ ಇನ್ನೂ ಬಂದಿರಲಿಲ್ಲ. ಎಣ್ಣೆ ಬದಲಿಸಲು ಹೇಗೂ ಬಿಚ್ಚಬೇಕು, ಕೂಲರ್ ಅದರೊಟ್ಟಿಗೇ ಹಾಕಿಸುತ್ತಿದ್ದೇನೆ. ಹೋಸ್‌ನ ಮೇಲೆ ಅಚ್ಚಾಗಿರುವುದನ್ನು ಓದಿದ ಮೇಲೆಯೇ ದುಡ್ಡು ಕೊಡುತ್ತೇನೆ ಎಂದು ಮೇಸ್ತ್ರಿಗೆ ಹೇಳಿದ್ದಕ್ಕೆ, ಅವರು ಒಂದು ಕ್ಷಣ ನನ್ನ ಮುಖ ನೋಡಿ ಬೇರೆ ಪೈಪು ತರಲು ಒಳಗೆ ಹೋದರು.