ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) ರೈಲಿಂಗ್‌ಗೂ ತುಕ್ಕು ಬರ್ತದಾ? ಮಲ್ಪೆ ಕಡಲ ಬದಿಯ ಮನೆ

ಪಡುಕೆರೆ_ಮನೆ:
ಎಲ್ಲರಿಗೂ ನಮಸ್ಕಾರ. ನಮ್ಮದು ಮಲ್ಪೆ ಹತ್ರ ಪಡುಕೆರೆ, ಅಂಗಳದಲ್ಲಿ ನಿಂತ್ರೆ ಕಡಲು ಕಾಣ್ತದೆ. ಮನೆ ಕಟ್ಟಿ ಎರಡು ವರ್ಷ ಆಗ್ಲಿಲ್ಲ, ಬಾಲ್ಕನಿಯ ಎಸ್‌ಎಸ್ ರೈಲಿಂಗ್ ಮೇಲೆ ಚಾ ಚೆಲ್ಲಿದ ಹಾಗೆ ಕಂದು ಕಲೆ ಶುರುವಾಗಿದೆ. 304 ಗ್ರೇಡಿನ ಎಸ್‌ಎಸ್ ಅಂತ ಹೇಳಿ ದುಡ್ಡು ತಗೊಂಡದ್ದು, ಮ್ಯಾಗ್ನೆಟ್ ಇಟ್ಟು ನೋಡಿದೆ, ಹಿಡಿಯುದಿಲ್ಲ. ನನಗೆ ಅರ್ಥ ಆಗದ್ದು ಎಂತ ಅಂದ್ರೆ ಮಳೆ ಬೀಳುವ ಹೊರಗಿನ ಬದಿ ಚೆನ್ನಾಗುಂಟು, ಮಾಡಿನ ಅಡಿಗೆ ಇರುವ ಕಂಬಗಳಲ್ಲೇ ಕಲೆ ಜಾಸ್ತಿ, ವೆಲ್ಡಿಂಗ್ ಜಾಯಿಂಟ್ ಸುತ್ತ ಅಂತೂ ಕೇಳುದೇ ಬೇಡ. ಅಲ್ಯೂಮಿನಿಯಂ ಕಿಟಕಿಗೆ ಏನೂ ಆಗ್ಲಿಲ್ಲ. ಪೇಂಟ್ ಹೊಡಿಯುದಾ, ತೆಗೆದು ಬೇರೆ ಹಾಕುದಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಕಾಪು_ಫ್ಯಾಬ್ರಿಕೇಶನ್:
ಮ್ಯಾಗ್ನೆಟ್ ಟೆಸ್ಟ್ ನಂಬಬೇಡಿ ಮಾರಾಯ್ರೇ. 202 ಗ್ರೇಡಿಗೂ ಮ್ಯಾಗ್ನೆಟ್ ಹಿಡಿಯುದಿಲ್ಲ, 304ಕ್ಕೂ ಹಿಡಿಯುದಿಲ್ಲ. 202ರಲ್ಲಿ ನಿಕ್ಕಲ್ ಕಮ್ಮಿ ಮಾಡಿ ಮ್ಯಾಂಗನೀಸ್ ಹಾಕಿರ್ತಾರೆ, ರೇಟ್ ಕಮ್ಮಿ, ನೋಡ್ಲಿಕ್ಕೆ ಎರಡೂ ಒಂದೇ ಥರ ಹೊಳೀತದೆ. ಕಡಲ ಬದಿಗೆ 316 ಹಾಕ್ಬೇಕು, ಅದರಲ್ಲಿ ಎರಡು ಮೂರು ಪರ್ಸೆಂಟ್ ಮಾಲಿಬ್ಡಿನಮ್ ಇರ್ತದೆ, ಉಪ್ಪು ತಡೀಲಿಕ್ಕೆ ಅದು ಬೇಕೇ ಬೇಕು.
ಇನ್ನೊಂದು ಕೇಳ್ತೇನೆ, ರೈಲಿಂಗ್ ಹಾಕಿದ ಮೇಲೆ ಟೈಲ್ಸ್‌ಗೆ ಆಸಿಡ್ ಹಾಕಿ ತೊಳೆದಿದ್ರಾ? ಆ ಹೊಗೆ ತಾಗಿದ್ರೂ ಸಾಕು, ಎಸ್‌ಎಸ್ ಹಾಳು. ಮತ್ತೆ ಕಬ್ಬಿಣ ಕೊಯ್ದ ಗ್ರೈಂಡರ್ ಚಕ್ರದಲ್ಲೇ ಎಸ್‌ಎಸ್ ಉಜ್ಜಿದ್ರೆ ಕಬ್ಬಿಣದ ಹುಡಿ ಒಳಗೆ ಕೂತ್ಕೊಳ್ತದೆ, ಮೊದಲು ತುಕ್ಕು ಹಿಡಿಯುದು ಆ ಹುಡಿಗೇ. ನಾನು ಎರಡಕ್ಕೂ ಬೇರೆ ಬೇರೆ ಚಕ್ರ ಇಡ್ತೇನೆ, ಹುಡುಗರಿಗೆ ದಿನಾ ಹೇಳ್ತಾ ಇರ್ಬೇಕು.

ಸುರತ್ಕಲ್_ಕೆಮಿಸ್ಟ್ರಿ:
ಅಣ್ಣ ಹೇಳಿದ್ದು ಸರಿ, ಕಾರಣ ನಾನು ಸ್ವಲ್ಪ ಬಿಡಿಸಿ ಹೇಳ್ತೇನೆ. ಎಸ್‌ಎಸ್ ಅಂದ್ರೂ ಅದರಲ್ಲಿ ಹೆಚ್ಚಿನ ಪಾಲು ಕಬ್ಬಿಣವೇ. ಅದನ್ನು ಕಾಯುವುದು ಮೇಲಿರುವ ಕ್ರೋಮಿಯಂ ಆಕ್ಸೈಡ್‌ನ ಪೊರೆ, ದಪ್ಪ ಬರೀ ಎರಡು ಮೂರು ನ್ಯಾನೋಮೀಟರ್, ಕಣ್ಣಿಗೆ ಕಾಣುವ ವಸ್ತುವೇ ಅಲ್ಲ. ಲೋಹದಲ್ಲಿ ಕ್ರೋಮಿಯಂ 10.5 ಪರ್ಸೆಂಟ್ ಆದ್ರೂ ಇದ್ರೆ ಪೊರೆ ಕಟ್ತದೆ, 304ರಲ್ಲಿ 18 ಇರ್ತದೆ. ಗೀರು ಬಿದ್ರೆ ಗಾಳಿಯ ಆಮ್ಲಜನಕ ತಗೊಂಡು ಅದೇ ಮತ್ತೆ ಕಟ್ಟಿಕೊಳ್ತದೆ, ಅದಕ್ಕೇ ಇದಕ್ಕೆ ಪೇಂಟ್ ಬೇಡ. ಅಲ್ಯೂಮಿನಿಯಂದೂ ಇದೇ ಕತೆ. ಬರೀ ಕಬ್ಬಿಣದ ತುಕ್ಕಿಗೆ ಈ ಗುಣ ಇಲ್ಲ, ಅದು ಉಬ್ಬಿ ಚಕ್ಕೆಚಕ್ಕೆಯಾಗಿ ಉದುರ್ತದೆ, ಅಡಿಯ ಕಬ್ಬಿಣ ಮತ್ತೆ ಗಾಳಿ ನೀರಿಗೆ ಸಿಗ್ತದೆ. (ಆದ್ರೆ ಕಬ್ಬಿಣವನ್ನು ಸಾಂದ್ರ ನೈಟ್ರಿಕ್ ಆಸಿಡ್‌ನಲ್ಲಿ ಅದ್ದಿದ್ರೆ ಅದಕ್ಕೂ ಪೊರೆ ಕಟ್ಟಿ ಸುಮ್ಮನಾಗ್ತದೆ, ವಿಜ್ಞಾನಿ ಫ್ಯಾರಡೆ 1836ರಷ್ಟು ಹಿಂದೆಯೇ ಇದು ಆಕ್ಸೈಡ್ ಪೊರೆಯ ಕೆಲಸ ಇರಬೇಕು ಅಂದಿದ್ದ, ಕ್ಲಾಸಲ್ಲಿ ಇದು ಹೇಳುವಾಗ ನನಗೆ ಈಗಲೂ ಖುಷಿ ಆಗ್ತದೆ.)
ಈ ಪೊರೆಗೆ ಶತ್ರು ಉಪ್ಪಿನ ಕ್ಲೋರೈಡ್. ಎಲ್ಲೋ ಒಂದು ದುರ್ಬಲ ಜಾಗದಲ್ಲಿ ಪೊರೆ ಹರೀತದೆ, ಅಲ್ಲಿ ಸೂಜಿಮೊನೆಯಷ್ಟು ಗುಂಡಿ ಬೀಳ್ತದೆ, ಗುಂಡಿಯ ಒಳಗೆ ಆಮ್ಲಜನಕ ಹೋಗುದಿಲ್ಲ, ಕರಗಿದ ಲೋಹದಿಂದ ಅಲ್ಲಿನ ನೀರು ಆಮ್ಲ ಆಗ್ತದೆ, ಇನ್ನಷ್ಟು ಕ್ಲೋರೈಡ್ ಎಳ್ಕೊಳ್ತದೆ, ಮತ್ತೆ ಪೊರೆ ಕಟ್ಲಿಕ್ಕೆ ಬಿಡುದೇ ಇಲ್ಲ. ಮಾಡಿನ ಅಡಿಗೆ ಯಾಕೆ ಜಾಸ್ತಿ ಅಂದ್ರೆ ಹೊರಗಿನ ಉಪ್ಪನ್ನು ಮಳೆ ತೊಳೀತದೆ, ಒಳಗಿನದ್ದನ್ನು ಯಾರೂ ತೊಳಿಯುದಿಲ್ಲ. ಕಡಲುಪ್ಪಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಇರ್ತದಲ್ಲ, ಗಾಳಿಯಲ್ಲಿ ಸ್ವಲ್ಪ ತೇವ ಇದ್ರೂ ಅದು ನೀರು ಹೀರಿ ಒದ್ದೆ ಆಗಿಯೇ ಇರ್ತದೆ. ವೆಲ್ಡಿಂಗ್ ಬದಿಯ ನೀಲಿ ಕಂದು ಬಣ್ಣದ ಅಡಿಯಲ್ಲಿ ಕ್ರೋಮಿಯಂ ಕಮ್ಮಿಯಾಗಿರ್ತದೆ, ಹಾಗಾಗಿ ಅಲ್ಲಿ ಮೊದಲು.

ಪಡುಕೆರೆ_ಮನೆ:
ತುಂಬಾ ಉಪಕಾರ ಇಬ್ಬರಿಗೂ. ಆಸಿಡ್ ಹಾಕಿದ್ದು ಹೌದು, ಟೈಲ್ಸ್‌ನವರು ಎರಡು ದಿನ ತೊಳೆದಿದ್ರು. ಇದು ಓದಿ ಈಗಷ್ಟೇ ಹೋಗಿ ರೈಲಿಂಗ್ ಕೈಪಿಡಿಯ ಅಡಿಭಾಗ ಬೆರಳಲ್ಲಿ ಒರೆಸಿದೆ, ಅಂಟಂಟು, ನಾಲಿಗೆಗೆ ತಾಗಿಸಿದ್ರೆ ಸಮಾ ಉಪ್ಪು. ಮೇಲ್ಭಾಗ ಮಾತ್ರ ದಿನಾ ಒರೆಸ್ತಿದ್ದೆವು, ಅಡಿಗೆ ಯಾರೂ ಕೈ ಹಾಕ್ಲಿಲ್ಲ. ಈಗ ಕಲೆ ತೆಗಿಯುದು ಹೇಗೆ?

ಕಾಪು_ಫ್ಯಾಬ್ರಿಕೇಶನ್:
ತೆಗೆದು ಬಿಸಾಡುವ ಅಂದಾಜು ಸದ್ಯಕ್ಕೆ ಬೇಡ. ಮೊದಲು ಸೋಪು ನೀರು, ಆಮೇಲೆ ಸಿಟ್ರಿಕ್ ಆಸಿಡ್ ಪುಡಿ ಬಿಸಿನೀರಲ್ಲಿ ಕರಗಿಸಿ ಬಟ್ಟೆಯಲ್ಲಿ ಹಚ್ಚಿ ಸ್ವಲ್ಪ ಹೊತ್ತು ಬಿಡಿ, ಹಸಿರು ಸ್ಕ್ರಬ್ಬರಲ್ಲಿ ಪಾಲಿಶ್ ಗೆರೆ ಹೋದ ದಿಕ್ಕಿಗೇ ಉಜ್ಜಿ, ಬಾವಿ ನೀರಲ್ಲಿ ಚೆನ್ನಾಗಿ ತೊಳೆದು ಒಣಗಿಸಿ. ಕಬ್ಬಿಣದ ಬ್ರಶ್, ಸ್ಟೀಲ್ ಉಣ್ಣೆ ಮುಟ್ಟಿಸಲೇ ಬಾರದು. ವೆಲ್ಡಿಂಗ್ ಜಾಗಕ್ಕೆ ಪಿಕ್ಲಿಂಗ್ ಪೇಸ್ಟ್ (ಬಣ್ಣಗೆಟ್ಟ ಪದರ ತಿಂದು ತೆಗಿಯುವ ಆಸಿಡ್ ಪೇಸ್ಟ್) ಬೇಕು, ಅದರಲ್ಲಿ ಹೈಡ್ರೋಫ್ಲೋರಿಕ್ ಆಸಿಡ್ ಇರ್ತದೆ, ಚರ್ಮಕ್ಕೆ ತಾಗಿದ್ರೆ ಒಳಗೆ ಮೂಳೆವರೆಗೂ ಹೋಗ್ತದೆ, ದಯವಿಟ್ಟು ನೀವು ಮಾಡ್ಬೇಡಿ, ಗ್ಲೌಸ್ ಕನ್ನಡಕ ಇಟ್ಟುಕೊಂಡು ಕೆಲಸ ಗೊತ್ತಿದ್ದವರೇ ಮಾಡ್ಲಿ. ಮತ್ತೆ ಮಳೆಗಾಲ ಮುಗಿದ ಮೇಲೆ ಮುಂದಿನ ಮಳೆ ಬರುವವರೆಗೆ ವಾರಕ್ಕೊಮ್ಮೆ ಸಿಹಿನೀರಿನ ಪೈಪ್ ಹಿಡಿದು ಅಡಿಭಾಗಕ್ಕೂ ಬಿಡಿ.

ಬಂದರು_ಬೋಟ್:
ಒಂದು ವಿಷಯ ಸೇರಿಸ್ತೇನೆ. ಕಿಟಕಿಗೆ ಏನೂ ಆಗ್ಲಿಲ್ಲ ಅಂದ್ರಲ್ಲ, ಅದರ ಸ್ಕ್ರೂ ನೋಡಿದ್ರಾ? ಎರಡು ಬೇರೆ ಲೋಹ ತಾಗಿಕೊಂಡು ನಡುವೆ ಉಪ್ಪುನೀರು ಬಂದ್ರೆ ಒಂದು ಇನ್ನೊಂದನ್ನು ತಿಂತದೆ. ನಮ್ಮ ಸ್ಟೀಲ್ ಬೋಟಿನ ಅಡಿಗೆ ಪ್ರೊಪೆಲ್ಲರ್ ಹತ್ರ ಸತುವಿನ ಗಟ್ಟಿ ಕಟ್ಟುದು ಅದಕ್ಕೇ, ಸತು ಕರಗಿ ಹೋಗ್ತದೆ, ಬೋಟಿನ ಒಡಲು ಉಳೀತದೆ, ಗಟ್ಟಿ ಸವೆದ ಮೇಲೆ ಹೊಸದು ಹಾಕುದು. ನಿಮ್ಮ ಕಿಟಕಿಯಲ್ಲಿ ಸ್ಕ್ರೂ ಸುತ್ತ ಬಿಳಿ ಹುಡಿ ಕಂಡ್ರೆ ಅಲ್ಲಿ ಅಲ್ಯೂಮಿನಿಯಂ ಕರಗ್ತಾ ಉಂಟು ಅಂತ ಲೆಕ್ಕ, ಸ್ಕ್ರೂ ಬಿಚ್ಚಿ ನಡುವೆ ನೈಲಾನ್ ವಾಷರ್ ಕೊಡಿಸಿ.